ಕೇಳಿ ತಂದ ಅಂಗಿಗಳು

ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಹೋದ ವಾರ ಹೊಸಪೇಟೆಯ ಒಂದು ಡೆಂಟಲ್ ಕ್ಲಿನಿಕ್ಕಿಗೆ ಹೋಗಿದ್ದೆ. ಗಾಜಿನ ಬಾಗಿಲು, ಒಳಗೆ ಏಸಿ, ಗೋಡೆಯ ಮೇಲೆ ನಗುವ ದೊಡ್ಡ ಬಾಯಿಯೊಂದರ ಪೋಸ್ಟರ್. ಸರದಿಗೆ ಕಾಯುತ್ತ ಕುಳಿತವಳು ಸುಮ್ಮನೆ ಕೆಳಗೆ ನೋಡಿದೆ. ಎಲ್ಲವನ್ನೂ ಬದಲಿಸಿದವರು ನೆಲವನ್ನು ಮಾತ್ರ ಹಾಗೇ ಬಿಟ್ಟಿದ್ದರು. ಕೆಂಪು ಆಕ್ಸೈಡಿನ ನೆಲ, ಗೋಡೆಯುದ್ದಕ್ಕೂ ಕರಿಯ ಪಟ್ಟಿ. ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇದರ ಹಿಂದೆಯೇ ಹಾಲು ಕಾಸಿದ ವಾಸನೆಯೂ ಬರಬೇಕಲ್ಲ, ಅದೆಲ್ಲಿ ಹೋಯಿತು ಎಂದು ಮನಸ್ಸು ಹುಡುಕಾಡಿತು. ಆಮೇಲೆ ಹೊಳೆಯಿತು. ಇದು ರೂಪಾ ಮಿಸ್ ಅವರ ನರ್ಸರಿ ಇದ್ದ ಮನೆ. ನಾನು ಕುಳಿತಿದ್ದ ಈ ಹಜಾರದಲ್ಲೇ ಮಧ್ಯಾಹ್ನ ಊಟವಾದ ಮೇಲೆ ಕೂಸುಗಳನ್ನು ಸಾಲಾಗಿ ಚಾಪೆಯ ಮೇಲೆ ಮಲಗಿಸುತ್ತಿದ್ದರು. ನನ್ನ ಮೊಮ್ಮಗಳು ಆ ಕಿಟಕಿಯ ಕೆಳಗೆ ಮಲಗುತ್ತಿದ್ದಳು.

"ಆಂಟಿ, ಭಾಳ ಪೇನ್ ಐತೇನ್ರಿ?" ಎಂದು ರಿಸೆಪ್ಷನ್ನಿನ ಹುಡುಗಿ ಕೇಳಿದಳು. ನನ್ನ ಕಣ್ಣು ನೋಡಿ ಕೇಳಿರಬೇಕು.

"ಹಲ್ಲೇ ಇಲ್ಲಮ್ಮ, ಪೇನ್ ಎಲ್ಲಿಂದ ಬರಬೇಕು," ಎಂದೆ. ನಕ್ಕಳು. ನಾನೂ ನಕ್ಕೆ.

ಆರೇಳು ವರ್ಷದ ಹಿಂದಿನ ಮಾತು. ಆಗ ನನ್ನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿ ವಾಕರ್ ಹಿಡಿದು ಓಡಾಡುತ್ತಿದ್ದೆ. ಮಗ ಮಹೇಶ ಸಂಡೂರಿನ ಕಡೆ ಒಂದು ಗಣಿಯಲ್ಲಿ ಸರ್ವೇಯರ್. ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಕೆಂಪು ಧೂಳು ಮೆತ್ತಿಕೊಂಡು ಇಳಿಯುವವನು. ಸೊಸೆ ಸುನಂದಾ ಬ್ಯಾಂಕಿನಲ್ಲಿ ಆಫೀಸರ್. ಒಂದೂವರೆ ವರ್ಷದ ಕೂಸನ್ನು ಎತ್ತಿಕೊಳ್ಳಲಾಗದ ಅಜ್ಜಿ ನಾನು. ಹೀಗಾಗಿ ನರ್ಸರಿ. ಶಾಲೆಗಳು ಶುರುವಾಗುವ ಜೂನ್ ತಿಂಗಳಲ್ಲೇ ಸೇರಿಸಿದೆವು. ರಿಜಿಸ್ಟರಿನಲ್ಲಿ ಅವಳ ಹೆಸರು ಮಾನಸಾ. ಮನೆಯಲ್ಲಿ ಮಾತ್ರ ಅವಳು ತಿಪ್ಪಿ.

ಆ ಹೆಸರು ಯಾಕೆ ಬಂತು ಎಂದು ಹೇಳದೆ ಮುಂದಿನದು ಹೇಳಲಾಗುವುದಿಲ್ಲ. ತಿಪ್ಪಿಗಿಂತ ಮೊದಲು ಸುನಂದಾ ಎರಡು ಸಲ ಹೆತ್ತಿದ್ದಳು. ಮೊದಲನೆಯ ಗಂಡು ಕೂಸು ಹೆರಿಗೆ ಆಸ್ಪತ್ರೆಯಿಂದ ಮನೆಗೇ ಬರಲಿಲ್ಲ. ಎರಡನೆಯದು ಹೆಣ್ಣು. ಹಲ್ಲು ಬರುವ ಹೊತ್ತಿಗೆ ಜ್ವರ ಬಂದು, ಬಳ್ಳಾರಿ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ ತಾಯಿಯ ತೊಡೆಯ ಮೇಲೆ ಹೋಯಿತು. ಆ ಕೂಸಿಗೆ ನಾವು ಏನು ಕಡಿಮೆ ಮಾಡಿದ್ದೆವು? ನಾಮಕರಣಕ್ಕೆ ರೇಷ್ಮೆ, ಕೊರಳಿಗೆ ಬಂಗಾರ, ತಿಂಗಳಿಗೊಂದು ಫೋಟೋ, ಕಂಡವರೆಲ್ಲ ಗಲ್ಲ ಹಿಂಡಿ "ಏನ್ ಚೆಂದ ಕೂಸ್ರಿ ಇದು" ಅನ್ನುವುದು. ಅವಳು ಹೋದ ಮೇಲೆ ಬೀರುವಿನಲ್ಲಿ ಇನ್ನೂ ಮಡಿಕೆ ಬಿಚ್ಚದ ಫ್ರಾಕುಗಳಿದ್ದವು. ಸುನಂದಾ ಅವನ್ನು ಏನು ಮಾಡಿದಳೋ ನಾನು ಕೇಳಲಿಲ್ಲ.

ಮೂರನೆಯದು ಹುಟ್ಟಿದಾಗ ಸುನಂದಾಳ ತಾಯಿ, ಬಂಡ್ರಿಯ ನಮ್ಮ ಬೀಗಿತಿ, ಯಾರನ್ನೂ ಕೇಳಲು ಹೋಗಲಿಲ್ಲ. ಎಳೆ ಬಿಸಿಲಿನಲ್ಲಿ ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಿಲ ತಿಪ್ಪೆಯ ಮೇಲೆ ಇಟ್ಟುಬಿಟ್ಟರು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. "ಬೀಗಿತಿ, ಇನ್‌ಫೆಕ್ಷನ್ ಆಗ್ತದ್ರಿ!" ಎಂದು ನಾನು ಕೂಗಿದ್ದು ಅಲ್ಲಿ ನಿಂತಿದ್ದ ಎಮ್ಮೆಗೂ ತಟ್ಟಲಿಲ್ಲ. ಕೊನೆಗೆ ನನ್ನ ಬಿಳಿ ಟವೆಲನ್ನಾದರೂ ಮೊರದಲ್ಲಿ ಹಾಸಲು ಬಿಟ್ಟರು, ಅಷ್ಟೇ. ಪಕ್ಕದ ಮನೆಯ ಹೆಂಗಸು ಏನೂ ಗೊತ್ತಿಲ್ಲದವಳಂತೆ ಆ ಕಡೆ ಬಂದಳು. "ಅಯ್ಯ, ಯಾರ್ದವ್ವಾ ಇದು ಕೂಸು? ಯಾರೋ ಬಿಸಾಕಿ ಹೋಗ್ಯಾರ!" ಎಂದು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಸುನಂದಾ ಒಂದು ಮೊರ ಜೋಳ ಕೊಟ್ಟು ತನ್ನದೇ ಕೂಸನ್ನು ಅವಳ ಕೈಯಿಂದ ತೆಗೆದುಕೊಂಡಳು. ಬಾಣಂತಿ, ನಿಲ್ಲಲು ಶಕ್ತಿಯಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಹೀಗೆ ತಿಪ್ಪೆಯಲ್ಲಿ ಸಿಕ್ಕವಳು ತಿಪ್ಪಿ ಆದಳು. ಬೇಡವೆಂದು ಎಸೆದದ್ದನ್ನು ಯಾರೂ ಕದಿಯಲು ಬರುವುದಿಲ್ಲ, ಯಮನೂ ಬರುವುದಿಲ್ಲ ಎಂಬುದು ಅದರ ಹಿಂದಿನ ನಂಬಿಕೆ.

ಅಲ್ಲಿಗೆ ಮುಗಿಯಲಿಲ್ಲ. ಮೂರನೇ ವರ್ಷಕ್ಕೆ ಬಿದ್ದು ಮನೆದೇವರ ಮುಂದೆ ಜವಳ ತೆಗೆಸುವವರೆಗೆ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವಂತಿಲ್ಲ. ಮಕ್ಕಳು ಗಟ್ಟಿಮುಟ್ಟಾಗಿರುವ ಮನೆಗಳಿಗೆ ಹೋಗಿ ಅವರು ತೊಟ್ಟು ಬಿಟ್ಟದ್ದನ್ನು ಸೆರಗೊಡ್ಡಿ ಕೇಳಿ ತರಬೇಕು. ಕೂಸನ್ನು ಹೊಗಳುವಂತಿಲ್ಲ. ಹಡೆದವಳನ್ನು ಕೂಸು ಅವ್ವ ಎನ್ನುವಂತಿಲ್ಲ. ಅಕ್ಕ ಎನ್ನಬೇಕು. ಮತ್ತು ಇದೆಲ್ಲ ಯಾಕೆ ಎಂದು ಹೊರಗಿನವರ ಮುಂದೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಕಟ್ಟಿದ ಗಂಟು ಬಿಚ್ಚಿದಂತೆ.

"ನೀನು ಸೈನ್ಸ್ ಗ್ರಾಜುಯೇಟ್ ಸುನಂದಾ," ಎಂದು ಒಂದೇ ಒಂದು ಸಲ ಹೇಳಿದ್ದೆ. ಅವಳು ಜೋರು ಮಾಡಲಿಲ್ಲ. "ಹಿಂದಿನ ಸಲ ಎಲ್ಲಾ ಸೈನ್ಸ್ ಪ್ರಕಾರನ ಮಾಡಿದ್ವಲ್ರಿ ಅತ್ತಿ," ಎಂದಳು. ಸೂಪರ್‌ಸ್ಟಿಷನ್ ಎಂಬ ಪದವನ್ನು ನಮ್ಮ ಸಿಸ್ಟರ್‌ಗಳು ಸ್ಪೆಲ್ಲಿಂಗ್ ಸಮೇತ ಕಲಿಸಿದ್ದರು. ಅದನ್ನೇ ನಂಬಿ ನಿಂತ ತಾಯಿಗೆ ಏನು ಹೇಳಬೇಕೆಂದು ಮಾತ್ರ ಕಲಿಸಿರಲಿಲ್ಲ.

ಆಪರೇಷನ್ನಿಗೆ ಮೊದಲು ನಾನೂ ಬಟ್ಟೆ ಕೇಳಲು ಹೋಗಿದ್ದೇನೆ. ಕಂಪ್ಲಿ ನನ್ನ ತವರು. ಅಲ್ಲಿಗೆ ಹೋಗಿ ಬರುವಾಗ ಬುಕ್ಕಸಾಗರದಲ್ಲಿ ಇಳಿದು, ಗದ್ದೆ ಬದಿಯ ಒಂದು ಮನೆಯ ಮುಂದೆ ನಿಂತೆ. ಅಂಗಳದ ತುಂಬ ಮಣ್ಣು ಮೆತ್ತಿಕೊಂಡ ದುಂಡನೆಯ ಮಕ್ಕಳು. ಬಾಯಿ ತೆರೆಯಲು ನಾಚಿಕೆ. ಜನ್ಮದಲ್ಲಿ ಯಾರ ಮುಂದೆಯೂ ಸೆರಗೊಡ್ಡಿದವಳಲ್ಲ. ಆ ಮನೆಯ ಹೆಂಗಸು ನನ್ನ ಕನ್ನಡಕ, ನನ್ನ ಇಸ್ತ್ರಿ ಸೀರೆ, ಒಡ್ಡಿದ ಸೆರಗು ಮೂರನ್ನೂ ನೋಡಿದಳು. ಯಾಕೆ ಎಂದು ಕೇಳಲಿಲ್ಲ. "ಬೆಲ್ಲ ಕೇಳಿದ್ರ ಇಲ್ಲಂತಿದ್ದೆ, ಅಂಗಿ ಅಂದ್ರ ರಾಶಿ ಅದಾವ ನೋಡ್ರಿ. ಐದು ಬಿತ್ತಿ ಕುಂತೀನಿ," ಎಂದು ನಗುತ್ತ ಒಳಗೆ ಹೋಗಿ ಬಂದು, ಸೆರಗಿಗೆ ಹಾಕುವಾಗ ಮಾತ್ರ ದನಿ ಇಳಿಸಿ, "ಗಟ್ಟಿ ಆಗಿರ್ಲಿ," ಎಂದಳು. ಬಸ್ಸಿನಲ್ಲಿ ಆ ಅಂಗಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಬೇರೆ ಮಕ್ಕಳ ಬೆವರು, ಹೊಗೆ, ತೆಂಗಿನೆಣ್ಣೆ. ಒಗೆದು ಒಗೆದು ಹೂವಿನ ಎಸಳಿನಷ್ಟು ಮೆತ್ತಗಾಗಿದ್ದವು.

ಇಂಥ ಬಟ್ಟೆ ತೊಟ್ಟು ತಿಪ್ಪಿ ನರ್ಸರಿಗೆ ಹೋದದ್ದು. ಆ ವರ್ಷ ಮಳೆ ಜಗ್ಗಿ ಹಿಡಿದಿತ್ತು. ಡ್ಯಾಮಿನ ಗೇಟು ತೆಗೆದಿದ್ದಾರೆ ಎಂದು ಊರೆಲ್ಲ ನೋಡಲು ಓಡುತ್ತಿತ್ತು. ಅದಿರಿನ ಲಾರಿಗಳು ಹೋಗುವ ರಸ್ತೆಯೆಲ್ಲ ಕೆಂಪು ಕೆಸರು. ಶ್ರಾವಣದ ಗಾಳಿಗೆ ಛತ್ರಿ ನಿಲ್ಲದು, ಮನೆಯೊಳಗೆ ಹಗ್ಗ ಕಟ್ಟಿ ಹರಡಿದ ಬಟ್ಟೆ ಒಣಗದು. ಮಾಸಲು ಬಣ್ಣದ, ಅಳತೆ ಹೊಂದದ, ಒಂದಿಷ್ಟು ಹಸಿಯ ಅಂಗಿಯಲ್ಲಿ ಕೂಸನ್ನು ಸ್ಕೂಟಿಯಿಂದ ಇಳಿಸುವ ಬ್ಯಾಂಕ್ ಆಫೀಸರ್ ತಾಯಿಯನ್ನು ಕಂಡು ರೂಪಾ ಮಿಸ್‌ಗೆ ಏನನಿಸಿರಬೇಕು! ಹುಬ್ಬಳ್ಳಿಯಲ್ಲಿ ಮಾಂಟೆಸರಿ ಟ್ರೇನಿಂಗ್ ಮಾಡಿ ಬಂದ ಹುಡುಗಿ, ಮಕ್ಕಳೆಂದರೆ ಜೀವ ಬಿಡುವವಳು. ಮೊದಮೊದಲು ನಯವಾಗಿಯೇ ಹೇಳಿದಳು.

"ಮ್ಯಾಮ್, ಒಂದೆರಡು ನೀಟ್ ಡ್ರೆಸ್ ಕಳಿಸ್ರಿ. ಚೇಂಜ್ ಮಾಡಾಕ ಬೇಕಾಗ್ತದ."

"ಇವs ಇರ್ಲಿ ಮಿಸ್. ಇವಕ್ಕೇನಾಗೇದ?" ಎಂದಳು ಸುನಂದಾ.

ಆಮೇಲೆ ದಿನಕ್ಕೊಂದು ತಕರಾರು. ನರ್ಸರಿಯ ವಾಟ್ಸಾಪ್ ಗ್ರೂಪಿನಲ್ಲಿ ಮಕ್ಕಳ ಫೋಟೋ ಹಾಕುತ್ತಿದ್ದರು, ನಮ್ಮ ಕೂಸಿನದು ಹಾಕಬೇಡಿ ಎಂದು ಸುನಂದಾ ಹೇಳಿದಳು. ಊಟ ಪೂರ್ತಿ ಮಾಡಿದ ಮಕ್ಕಳ ಕೈ ಮೇಲೆ ಸ್ಟಾರ್ ಒತ್ತುತ್ತಿದ್ದರು, ನಮ್ಮ ಕೂಸಿಗೆ ಬೇಡ ಎಂದಳು. "ಗುಡ್ ಗರ್ಲ್ ಅನ್ನಬ್ಯಾಡ್ರಿ" ಎಂದ ದಿನ ರೂಪಾ ಮಿಸ್‌ಗೆ ತಡೆಯಲಾಗಲಿಲ್ಲ.

"ಮ್ಯಾಮ್, ಅದು ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್. ಹೊಗಳದಿದ್ರ ಮಗು ಬೆಳೆಯಂಗಿಲ್ಲ."

"ಬೆಳಿತೈತಿ ಬಿಡ್ರಿ," ಎಂದು ಸುನಂದಾ ಹೆಲ್ಮೆಟ್ ಹಾಕಿಕೊಂಡಳು.

ಒಂದು ದಿನ ನಾನು ಆಟೋದಲ್ಲಿ ಕೂಸನ್ನು ಕರೆತರಲು ಹೋದಾಗ ರೂಪಾ ಮಿಸ್ ನನ್ನನ್ನು ಬದಿಗೆ ಕರೆದು ಕುರ್ಚಿ ಹಾಕಿದಳು. "ಅಜ್ಜಿ, ನೀವು ಎಜುಕೇಟೆಡ್. ಮನ್ಯಾಗ ಏನರ ಪ್ರಾಬ್ಲಮ್ ಐತೇನ್ರಿ? ಮಗು ತಾಯಿನ್ನ ಅಕ್ಕ ಅಂತಾಳ. ನಾವು ಮಮ್ಮಿ ಅಂತ ರೈಮ್ ಹೇಳಿಕೊಟ್ರ, ಅದೊಂದು ಕಲಿಸಬ್ಯಾಡ್ರಿ ಅಂತಾರ ಮ್ಯಾಮ್." ನಾನು ಏನು ಹೇಳಲಿ? ಅದು ನನ್ನ ಗಂಟಲ್ಲ, ಸುನಂದಾ ಕಟ್ಟಿಕೊಂಡ ಗಂಟು. "ನಮ್ಮ ಮನೆ ಪದ್ಧತಿ ಮಗಾ. ಆಕೆ ಹೇಳಿದಂಗ ನಡೆಸಿಕೊಂಡು ಹೋಗು, ಪ್ಲೀಸ್," ಎಂದೆ. ರೂಪಾ ಮಿಸ್ ನನ್ನ ಮುಖವನ್ನು ನೋಡಿದ ರೀತಿಯಲ್ಲಿ ಗೊತ್ತಾಯಿತು, ಸೊಸೆಗೆ ಹೆದರಿ ಬಾಳುವ ಪಾಪದ ಮುದುಕಿ ಎಂದು ಅವಳು ತೀರ್ಮಾನ ಮಾಡಿದ್ದಳು.

ನರ್ಸರಿಯಲ್ಲಿ ಮಕ್ಕಳನ್ನು ತೊಳೆದು, ಉಣಿಸಿ, ಮಲಗಿಸುವ ಆಯಾ ಒಬ್ಬಳಿದ್ದಳು. ನಿಂಗವ್ವ. ಕಡ್ಡಿರಾಂಪುರದಿಂದ ದಿನಾ ಬಸ್ಸಿಗೆ ಬರುವವಳು. ಎಲೆಯಡಿಕೆ ಬಾಯಿ, ಅಗಲವಾದ ತೊಡೆ. ಒಂದೇ ಸಲಕ್ಕೆ ಎರಡು ಕೂಸುಗಳನ್ನು ಆ ತೊಡೆಗಳ ಮೇಲೆ ತಟ್ಟಿ ಮಲಗಿಸುತ್ತಿದ್ದಳು. ಅಲ್ಲಿನ ಮಕ್ಕಳೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದವು. ಅದನ್ನು ಯಾರೂ ಕಲಿಸಿದ್ದಲ್ಲ, ಒಂದರ ಬಾಯಿಂದ ಒಂದಕ್ಕೆ ಹತ್ತಿದ್ದು. ತಿಪ್ಪಿಗೂ ಹತ್ತಿತು.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮಳೆ ಸ್ವಲ್ಪ ಹೊಳವಾಗಿತ್ತು. ನಾನು ವಾಕರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಸುನಂದಾ ಬ್ಯಾಂಕಿನಿಂದ ಬಂದು ಕೈ ಚಾಚಿದಳು. ತಿಪ್ಪಿ ನಿಂಗವ್ವನ ಕಂಕುಳಿನಿಂದ ಇಳಿಯಲು ಮನಸ್ಸಿಲ್ಲದೆ ಅವಳ ಕೊರಳು ತಬ್ಬಿ, ಸ್ಪಷ್ಟವಾಗಿ, "ಅವ್ವಾ," ಎಂದಿತು. ಅದು ಆ ಕೂಸಿನ ಬಾಯಿಂದ ಬಂದ ಮೊದಲ ಅವ್ವ. ಆಮೇಲೆ ಹಡೆದವಳ ಕಡೆ ತಿರುಗಿ, "ಅಕ್ಕ ಬಂತು," ಎಂದು ನಕ್ಕಿತು. ಸುನಂದಾ ಕೂಸನ್ನು ತೆಗೆದುಕೊಂಡು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡಳು. ಮನೆಗೆ ಬಂದ ಮೇಲೆ ಒಗೆಯುವ ಕಲ್ಲಿನ ಹತ್ತಿರ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ನಾನು ಹೋಗಿ ಹೆಗಲು ಮುಟ್ಟಿದೆ.

"ಚಲೋನ ಆತಲ್ರಿ ಅತ್ತಿ," ಎಂದಳು, ಮುಖ ತಿರುಗಿಸದೆ. "ಈಗ ದ್ಯಾವ್ರಿಗೂ ಗೊತ್ತಾಗಂಗಿಲ್ಲ, ಯಾರ ಕೂಸು ಅಂತ."

ದಸರಾ ದಾಟಿತು, ದೀಪಾವಳಿ ದಾಟಿತು. ಮಳೆ ನಿಂತು ಬೆಳಗ್ಗೆ ಮೈ ಚುಮುಗುಡುವ ಚಳಿ ಶುರುವಾಯಿತು. ಇಷ್ಟರಲ್ಲಿ ನರ್ಸರಿಯಲ್ಲಿ ಒಂದು ಮಾತು ಗಟ್ಟಿಯಾಗಿತ್ತು. ಸುನಂದಾ ಮಲತಾಯಿ ಎಂದು. ನಿಂಗವ್ವನೂ ಅದನ್ನೇ ಆಡುತ್ತಿದ್ದಳು. ಬೇರೆ ತಾಯಂದಿರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಸುನಂದಾಳಿಗೆ ಗೊತ್ತಿತ್ತು. ನರ್ಸರಿ ಬದಲಿಸೋಣವೇ ಎಂದು ಮಹೇಶ ಕೇಳಿದ. "ಇನ್ನ ಎರಡ್ ಮೂರು ತಿಂಗ್ಳು ಐತಿ. ಜವಳ ಆದ್ರ ಎಲ್ಲಾ ಮುಗೀತೈತಿ. ನಿಂಗವ್ವನ ಕೈ ಚಲೋ ಐತಿ, ಕೂಸು ಹೊಂದೇತಿ," ಎಂದಳು. ಹಾಗೆ ತನ್ನ ಬಗ್ಗೆ ಆಡಿಕೊಳ್ಳುವ ಹೆಂಗಸಿನ ಕೈಯಲ್ಲೇ ದಿನಾ ಬೆಳಗ್ಗೆ ಕೂಸನ್ನು ಕೊಟ್ಟು ಹೋಗುತ್ತಿದ್ದಳು.

ನಮ್ಮ ಕಡೆ ಗೌರಿ ಹುಣ್ಣಿಮೆ ಎಂದರೆ ಹೆಣ್ಣುಮಕ್ಕಳ ಹಬ್ಬ. ಸಕ್ಕರೆ ಅಚ್ಚಿನ ಆನೆ, ಕುದುರೆ, ಗೋಪುರಗಳನ್ನು ತಟ್ಟೆಯಲ್ಲಿಟ್ಟು, ಹೊಸ ಲಂಗ ಉಟ್ಟ ಹುಡುಗಿಯರು ಗೌರಿಗೆ ಆರತಿ ಮಾಡುತ್ತಾರೆ. ನರ್ಸರಿಯಲ್ಲೂ ಸಂಜೆಗೆ ಆರತಿ ಇಟ್ಟು ಮನೆಯವರನ್ನೆಲ್ಲ ಕರೆದಿದ್ದರು. ಸುನಂದಾ ಮೊದಲೇ ಹೇಳಿದ್ದಳು: ನಮ್ಮ ಕೂಸು ಆರತಿ ಹಿಡಿಯುವುದಿಲ್ಲ, ಕುಂತು ನೋಡಲಿ. ರೂಪಾ ಮಿಸ್ ಹೂಂ ಎಂದಿದ್ದಳು.

ನಾನು ಮುಂಚೆಯೇ ಹೋಗಿ, ಆಗ ವಾಕರ್ ಬಿಟ್ಟು ಕೋಲು ಹಿಡಿದಿದ್ದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ಹುಡುಗಿಯರು ಜರಿ ಲಂಗಗಳಲ್ಲಿ ಸರಬರ ಓಡಾಡುತ್ತಿದ್ದರು. ಒಬ್ಬಳು ಆಗಲೇ ಸಕ್ಕರೆ ಆನೆಯ ಸೊಂಡಿಲು ಕಚ್ಚಿ ಬೈಸಿಕೊಂಡಿದ್ದಳು. ಅಷ್ಟರಲ್ಲಿ ಒಳಕೋಣೆಯಿಂದ ನಿಂಗವ್ವ ತಿಪ್ಪಿಯನ್ನು ಕೈಹಿಡಿದು ನಡೆಸಿಕೊಂಡು ಬಂದಳು. ಹಸಿರು ಲಂಗ, ಕೆಂಪು ಅಂಚು, ಕೆಂಪು ಜಂಪರು. ಕಣ್ಣಿಗೆ ಕಾಡಿಗೆ, ತಲೆಗೆ ಮಲ್ಲಿಗೆ. ತಿಪ್ಪಿ ತನ್ನ ಲಂಗವನ್ನು ತಾನೇ ಬಗ್ಗಿ ಬಗ್ಗಿ ನೋಡಿಕೊಳ್ಳುತ್ತಿದ್ದಳು. ಅವಳ ಮೈಮೇಲೆ ಸಪ್ಪಳ ಮಾಡುವ ಬಟ್ಟೆ ಬಂದದ್ದು ಅದೇ ಮೊದಲು.

"ನೋಡ್ರಿ ಅಜ್ಜಿ, ಹೆಂಗ್ ಕಾಣಾಕತ್ತಾಳ ನಮ್ಮ ಗೌರವ್ವ!" ಎಂದಳು ನಿಂಗವ್ವ.

"ನಿಂಗವ್ವಾ, ಲಗೂನ ಒಳಗ ಕರ್ಕೊಂಡು ಹೋಗಿ ಬಿಚ್ಚು," ಎಂದು ಕೋಲು ಊರಿ ಏಳುತ್ತಿದ್ದೆ. ಹೊರಗೆ ಸ್ಕೂಟಿ ನಿಂತ ಸದ್ದಾಯಿತು. ಸುನಂದಾ ಒಳಗೆ ಬಂದಳು.

ಅವಳು ಕೂಗುತ್ತಾಳೆ ಎಂದುಕೊಂಡೆ. ಕೂಗಲಿಲ್ಲ. ಹೆಲ್ಮೆಟನ್ನು ನೆಲದ ಮೇಲಿಟ್ಟು, ಕೂಸನ್ನು ಎತ್ತಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕುಳಿತು ಜಂಪರಿನ ಹುಕ್ಕು ಬಿಚ್ಚತೊಡಗಿದಳು. ಅವಸರಕ್ಕೆ ಹುಕ್ಕು ಸಿಗುತ್ತಿರಲಿಲ್ಲ.

"ಯಾರು ಹಾಕಿದ್ರು ಇದನ್ನ?"

"ನಾನs ಹಾಕೀನ್ರಿ ಮ್ಯಾಡಂ," ಎಂದು ನಿಂಗವ್ವ ಹತ್ತಿರ ಬಂದಳು. "ಹೊಸಾದ ಐತ್ರಿ. ಮೊನ್ನಿ ಸಂತ್ಯಾಗ ನಾನs ಆರಿಸಿ ತಂದೀನಿ. ಎಲ್ಲಾ ಹುಡ್ಗ್ಯಾರು ಜಗಮಗ ಅಂತಾರ, ಇದೊಂದು ಹಳೇ ಅರಿವಿ ಸುತ್ಕೊಂಡು ಕುಂತ್ರ ನನ್ ಕಣ್ಲೆ ನೋಡಾಕ ಆಗಂಗಿಲ್ರಿ. ಯಾಕ್ರಿ ಬಿಚ್ಚಾಕತ್ತೀರಿ? ಅಳಾಕತ್ತೈತಿ ನೋಡ್ರಿ!"

ತಿಪ್ಪಿ ಲಂಗವನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು, ನಿಂಗವ್ವನ ಕಡೆ ವಾಲಿ, "ಅವ್ವಾ, ಅವ್ವಾ" ಎಂದು ಚೀರುತ್ತಿದ್ದಳು.

"ಮ್ಯಾಮ್, ಪ್ಲೀಸ್. ನಾಟ್ ಇನ್ ಫ್ರಂಟ್ ಆಫ್ ದ ಚಿಲ್ಡ್ರನ್," ಎಂದಳು ರೂಪಾ ಮಿಸ್. ಯಾರೋ ಒಬ್ಬಳು ತಾಯಿ, "ಏನ್ ಹೆಂಗಸವ್ವಾ," ಎಂದದ್ದು ಎಲ್ಲರಿಗೂ ಕೇಳಿಸಿತು.

ನಿಂಗವ್ವನಿಗೆ ಆ ಅಳು ತಡೆಯಲಾಗಲಿಲ್ಲ. ಜೂನಿನಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಬಾಯಿಗೆ ಬಂತು. "ನಾನೂ ನೋಡಾಕತ್ತೀನಿ ಮ್ಯಾಡಂ. ಮ್ಯಾಲೆ ನೆಟ್ಟಗ ಒಂದ್ ಅಂಗಿ ಇಲ್ಲ. ಕೂಸಿನ್ನ ಒಂದ್ ಸಲಾನೂ ಮುದ್ದು ಮಾಡ್ಲಿಲ್ಲ ನೀವು. ಉಂಡ್ಲು ಅಂದ್ರೂ ಸಿಟ್ಟು, ನಕ್ಕಳು ಅಂದ್ರೂ ಸಿಟ್ಟು. ಹೆತ್ತ ಹೊಟ್ಟಿ ಆಗಿದ್ರ ಹಿಂಗ ಮಾಡ್ತಿತ್ತೇನ್ರಿ? ನಿಮ್ಮದs ಕೂಸಾ ಇದು? ಹೇಳ್ರಿ ನೋಡೂಣು!"

ಸುನಂದಾ ತಲೆ ಎತ್ತಿದಳು. ಅವಳಿಗೆ ಉತ್ತರ ಕೊಡುವ ದಾರಿ ಎರಡೇ ಇದ್ದವು. ಹೌದು ನನ್ನದು ಎಂದು ಎಲ್ಲರೆದುರು ಒಂದು ಮಾತು ಹೇಳಿದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಅವಳು ಇಷ್ಟು ದಿನ ಬಚ್ಚಿಟ್ಟದ್ದು ಆ ಒಂದು ಮಾತನ್ನೇ. ಕೂಸನ್ನು ಎದೆಗೆ ಒತ್ತಿಕೊಂಡಳು. ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ.

"ಅಲ್ಲ. ನನ್ನ ಕೂಸಲ್ಲ. ನಾ ಹೆತ್ತಿಲ್ಲ ಇದನ್ನ. ತಿಪ್ಪಿ ಮ್ಯಾಲೆ ಬಿದ್ದಿತ್ತು. ಎತ್ಕೊಂಡು ಬಂದೀನಿ."

ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ರೂಪಾ ಮಿಸ್ ಬಾಯಿ ತೆರೆದು ನಿಂತಳು. ಅವಳು ಅದನ್ನು ಇದ್ದ ಹಾಗೇ ನಂಬಿಬಿಟ್ಟಳು. ಮರುದಿನ ಮಹೇಶನಿಗೆ ಫೋನ್ ಮಾಡಿ, ಅಡಾಪ್ಷನ್ ಪೇಪರ್ಸ್ ಲೀಗಲ್ ಆಗಿವೆಯೇ ಎಂದು ಕೇಳಿದಳು. ಮಹೇಶ ನಗಲು ಹೋಗಿ, ಆಗದೆ, ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದ.

ಆದರೆ ನಿಂಗವ್ವ. ಆ ಮಾತು ಕೇಳಿದ್ದೇ ಅವಳ ಕೈ ಬಾಯಿಗೆ ಹೋಯಿತು. ಗೋಡೆ ಹಿಡಿದು ಮೆಲ್ಲಗೆ ಕುಕ್ಕರಿಸಿದಳು. ಸುನಂದಾಳ ಎದುರಿಗೆ, ಮುಖಕ್ಕೆ ಮುಖ. ಕೂಸು ತೊಟ್ಟು ಬಂದಿದ್ದ ಹಳೆಯ ಅಂಗಿ ಅವಳ ಹೆಗಲ ಮೇಲೇ ಇತ್ತು. ಅದನ್ನು ತೆಗೆದು ನೋಡಿದಳು, ಮತ್ತೆ ಸುನಂದಾಳನ್ನು ನೋಡಿದಳು. ಪಿಸುಮಾತಿನಲ್ಲಿ ಕೇಳಿದಳು:

"ಹಿಂದಿನವು ಎಷ್ಟು ಹೋಗ್ಯಾವವ್ವಾ?"

ಮ್ಯಾಡಂ ಎನ್ನಲಿಲ್ಲ. ಸುನಂದಾ ಹೇಳಲಿಲ್ಲ, ಹೇಳುವಂತಿರಲಿಲ್ಲ. ಕಣ್ಣಲ್ಲಿ ನೀರು ಬಂತು ಅಷ್ಟೇ. ನಿಂಗವ್ವ ಎಲ್ಲರಿಗೂ ಕೇಳುವಂತೆ ದನಿ ಏರಿಸಿದಳು.

"ಸುಳ್ಳ ಹೇಳೀನ್ರಿ ನಾನು. ಬಡಿವಾರಕ್ಕ ಹೊಸಾದು ಅಂದೆ. ಹೊಸಾದಲ್ಲ ಇದು. ನನ್ನ ಮೊಮ್ಮಗಳು ದೀವಳಿಗಿಗೆ ಉಟ್ಟು ಬಿಟ್ಟಿದ್ದು. ಮಣ್ಣಾಗ ಆಡ್ಯಾಳ, ಹೊಲಸು ಮಾಡ್ಯಾಳ, ನಾನs ಒಗದೀನಿ. ಹಳೇದ ಐತ್ರಿ ಮ್ಯಾಡಂ, ಏನೂ ಆಗಂಗಿಲ್ಲ."

ಲಂಗದ ಪಟ್ಟಿಯಲ್ಲಿ ಅಂಗಡಿಯವನ ಗುಂಡುಸೂಜಿ ಚೀಟಿಯ ಸಮೇತ ಇನ್ನೂ ಹಾಗೇ ಇತ್ತು. ನನಗೆ ಕಂಡಿತು. ಸುನಂದಾಳಿಗೂ ಕಂಡಿತು. ನಿಂಗವ್ವ ಅದನ್ನು ತನ್ನ ಹೆಬ್ಬೆರಳಿನಿಂದ ಮುಚ್ಚಲು ನೋಡುತ್ತ, "ಖರೇನ ಹಳೇದ್ರಿ. ನನ್ನ ಮೊಮ್ಮಗಳ ಆಣಿ..." ಎನ್ನುತ್ತಿರುವಾಗಲೇ ಸುನಂದಾ ಚಟ್ಟನೆ ಕೈ ಚಾಚಿ ಅವಳ ಬಾಯಿ ಮುಚ್ಚಿದಳು.

"ಬ್ಯಾಡ. ಕೂಸಿನ ಮ್ಯಾಲೆ ಆಣಿ ಇಡಬ್ಯಾಡ."

ಆ ಹಜಾರದಲ್ಲಿ ಅಷ್ಟು ಜನ ಓದಿದವರಿದ್ದೆವು. ಸುಳ್ಳು ಆಣೆಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂದು ಎದೆಯಾಳದಿಂದ ನಂಬಿದ್ದವರು ಅವರಿಬ್ಬರೇ. ಒಬ್ಬಳು ಇನ್ನೊಬ್ಬಳ ಕೂಸಿಗಾಗಿ ತನ್ನ ಕೂಸನ್ನು ಪಣಕ್ಕಿಡಲು ಹೋಗಿದ್ದಳು. ಇನ್ನೊಬ್ಬಳು ಇಡಲು ಬಿಡಲಿಲ್ಲ. ಎಷ್ಟೋ ಹೊತ್ತು ಹಾಗೇ ಕುಳಿತಿದ್ದರು, ಒಬ್ಬಳ ಅಂಗೈ ಇನ್ನೊಬ್ಬಳ ಬಾಯಿಯ ಮೇಲೆ, ನಡುವೆ ಬಿಕ್ಕುವ ಕೂಸು. ಆಮೇಲೆ ಸುನಂದಾ ಎದ್ದು, ತಿಪ್ಪಿಯನ್ನು ತನ್ನ ವೇಲಿನಲ್ಲಿ ಸುತ್ತಿಕೊಂಡು ಹೊರಟಳು. ಹಸಿರು ಲಂಗ ಮೆಟ್ಟಿಲ ಮೇಲೆ ಉಳಿಯಿತು. ಒಳಗೆ ಆರತಿಯ ಹಾಡನ್ನು ಯಾರೋ ಶುರು ಮಾಡಿ ಅರ್ಧಕ್ಕೆ ಬಿಟ್ಟರು.

ಮರುದಿನ ತಿಪ್ಪಿಗೆ ಜ್ವರ ಬಂತು. ಸೀಸನ್ ಚೇಂಜ್, ವೈರಲ್, ಊರಲ್ಲಿ ಎಲ್ಲ ಮಕ್ಕಳಿಗೂ ಇದೆ ಎಂದರು ಡಾಕ್ಟರು. ನಿಜವೇ ಇರಬೇಕು. ಆ ಜ್ವರ ಇಳಿಯುವವರೆಗೆ ಸುನಂದಾ ನೆಲಕ್ಕೆ ಬೆನ್ನು ಹಚ್ಚಲಿಲ್ಲ. ನಾನೂ ಕುರ್ಚಿ ಬಿಟ್ಟು ಏಳಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪ್ರೇಯರೂ, ನಮ್ಮ ಮನೆದೇವರ ಹೆಸರೂ ಬಾಯಿಗೆ ಬಂದಂತೆ ಬೆರೆತು ಬರುತ್ತಿದ್ದವು. ಕೂಸು ಎದ್ದು ಅನ್ನ ಕೇಳಿದ ದಿನ ಸುನಂದಾ ಬ್ಯಾಂಕಿಗೆ ದೀರ್ಘ ರಜೆ ಹಾಕಿದಳು. ತಿಪ್ಪಿಯನ್ನು ಮತ್ತೆ ಆ ನರ್ಸರಿಗೆ ಕಳಿಸಲಿಲ್ಲ.

ಒಂದು ಮಧ್ಯಾಹ್ನ ನಿಂಗವ್ವ ನಮ್ಮ ಗೇಟಿನ ಹೊರಗೆ ಬಂದು ನಿಂತಳು. ಕೈಯಲ್ಲಿ ಒಂದು ಗಂಟು. "ಒಳಗ ಕರೀಬ್ಯಾಡ್ರಿ ಅತ್ತಿ," ಎಂದಳು ಸುನಂದಾ, ಕಿಟಕಿಯ ಹಿಂದಿನಿಂದ. "ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಕೂಸು ಆಕಿನ್ನ ನೋಡಿದ್ರ ಬಿಡಂಗಿಲ್ಲ. ಮತ್ತ ಮೊದ್ಲಿಂದ ಅಳಬೇಕು." ನಾನೇ ಕೋಲೂರಿಕೊಂಡು ಗೇಟಿಗೆ ಹೋದೆ.

"ನಮ್ಮೂರಾಗ ಮನಿ ಮನಿ ತಿರುಗಿ ಕೇಳಿ ತಂದೀನ್ರಿ ಅಜ್ಜಿ. ಎಲ್ಲಾ ಗಟ್ಟಿ ಮಕ್ಕಳು ತೊಟ್ಟಿದ್ದು," ಎಂದು ಗಂಟನ್ನು ಗೇಟಿನ ಮೇಲಿಂದ ಕೊಟ್ಟಳು. ಆಮೇಲೆ, "ಹೆಸ್ರು ಒಂದು ಹೇಳಿದ್ರ ಸಾಕಿತ್ತಲ್ರಿ. ಮಾನಸಾ ಮಾನಸಾ ಅಂತ ಕರದ್ವಿ. ತಿಪ್ಪಿ ಅಂದಿದ್ರ ನಾ ಆವತ್ತs ತಿಳ್ಕೊಂತಿದ್ದೆ. ನಮ್ಮಕ್ಕನ ಮಗನ್ನೂ ಹಂಗs ಉಳಿಸಿಕೊಂಡ್ವಿ."

ಆ ಹೆಸರನ್ನು ನರ್ಸರಿಯಲ್ಲಿ ಹೇಳಲು ಸುನಂದಾಳಿಗೆ ನಾಚಿಕೆಯಾಗಿತ್ತು. ಬ್ಯಾಂಕ್ ಆಫೀಸರ್ ಮಗಳಿಗೆ ಇದೆಂಥ ಹೆಸರು ಎಂದು ನಗುತ್ತಾರೆ ಎಂದು. ಎರಡು ಜಗತ್ತಿನಲ್ಲಿ ಒಂದೊಂದು ಕಾಲಿಟ್ಟುಕೊಂಡು ಬದುಕುವವರಿಗೆ ಇಂಥ ಸಣ್ಣ ನಾಚಿಕೆಗಳೂ ಎಷ್ಟು ದುಬಾರಿ.

"ಕೂಸು ಮಲಗೇತೇನ್ರಿ?" ಎಂದು ಕೇಳಿದಳು.

"ಹೂಂ, ಈಗಷ್ಟೇ," ಎಂದೆ.

ಒಳಗಿನಿಂದ ತಿಪ್ಪಿ ಪಾತ್ರೆ ಬಡಿಯುತ್ತ ಏನೋ ಹಾಡಿಕೊಳ್ಳುವುದು ಇಬ್ಬರಿಗೂ ಕೇಳಿಸುತ್ತಿತ್ತು. ನಿಂಗವ್ವ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. "ಮಲಗ್ಲಿ ಬಿಡ್ರಿ. ಎಬ್ಬಿಸಬ್ಯಾಡ್ರಿ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಮರುವರ್ಷ ರೂಪಾ ಮಿಸ್ ನರ್ಸರಿ ಮುಚ್ಚಿ ಗಂಡನ ಊರಿಗೆ ಹೋದಳು. ನಿಂಗವ್ವ ತನ್ನೂರಿನಲ್ಲೇ ಯಾವುದೋ ಹೋಮ್‌ಸ್ಟೇಯಲ್ಲಿ ಕೆಲಸಕ್ಕಿದ್ದಾಳೆ ಎಂದು ಕೇಳಿದೆ. ತಿಪ್ಪಿಗೆ ಈಗ ಎಂಟು ವರ್ಷ. ಕೈಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಹೊಸ ಫ್ರಾಕು ಬಂದರೆ ಕನ್ನಡಿ ಬಿಟ್ಟು ಕದಲುವುದಿಲ್ಲ.

ನನಗೆ ಮಾತ್ರ ಆ ವರ್ಷ ಮುಗಿದದ್ದು ಮಾಘದಲ್ಲಿ, ಜವಳದ ದಿನ. ಸಂಡೂರಿನ ಗುಡ್ಡಗಳ ನಡುವೆ ನಮ್ಮ ಮನೆದೇವರು. ಬೋಳು ಮಾಡಿದ ತಲೆಗೆ ಗಂಧ ಹಚ್ಚಿ, ದೇವರ ಮುಂದೆ ಸುನಂದಾ ತನ್ನ ಕೈಯಾರೆ ಕೂಸಿಗೆ ಮೊದಲ ಹೊಸ ಅಂಗಿ ತೊಡಿಸಿದಳು. ಹಳದಿ ಬಣ್ಣದ್ದು. ಪೂಜಾರಿ, "ಇನ್ನ ಏನೂ ಭಯ ಇಲ್ಲವ್ವ, ನಿನ್ನ ಕೂಸು ನಿನಗಾತು," ಎಂದು ಮಡಿಲು ತುಂಬಿದರು. ಬಂಡ್ರಿಯ ಬೀಗಿತಿ ಗೋಳೋ ಎಂದು ಅತ್ತರು. ಸುನಂದಾ ಅಳಲಿಲ್ಲ. ಅವಳ ಮುಖದಲ್ಲಿ ಅವಸರವಿತ್ತು, ಪರೀಕ್ಷೆ ಮುಗಿಸಿ ಮನೆಗೆ ಓಡುವ ಹುಡುಗಿಯಂತೆ.

ವಾಪಸು ಬರುವಾಗ ಬಾಡಿಗೆ ಜೀಪಿನಲ್ಲಿ ನಾನು ಅವಳ ಪಕ್ಕ ಕುಳಿತಿದ್ದೆ. ಅದಿರಿನ ಲಾರಿಗಳು ಎದುರಾಗಿ ಧೂಳೆಬ್ಬಿಸುವ ದಾರಿ, ಕಿಟಕಿಯ ಗಾಜುಗಳನ್ನೆಲ್ಲ ಏರಿಸಿದ್ದೆವು. ಸುನಂದಾ ಕೂಸನ್ನು ತೊಡೆಯ ಮೇಲೆ ಎದುರುಬದುರು ಕೂರಿಸಿಕೊಂಡು, ಎರಡೂ ಗಲ್ಲ ಹಿಡಿದು ಮುತ್ತಿಟ್ಟಳು. ಅವಳು ಹಾಗೆ ಮುತ್ತಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏ ಬಂಗಾರಿ," ಎಂದಳು. "ಇನ್ನ ಅಕ್ಕ ಅನಬ್ಯಾಡ ಹಾಂ? ಅವ್ವ ಅನ್ನು. ಎಲ್ಲಿ, ಅವ್ವಾ ಅನ್ನು ನೋಡೂಣು."

ಆ ಪದ ಕೇಳಿದ್ದೇ ಕೂಸಿನ ಕಣ್ಣು ಹೊಳೆದವು. ತಾಯಿಯ ಕೈ ಬಿಡಿಸಿಕೊಂಡು, ತೊಡೆಯ ಮೇಲೆ ಎದ್ದು ನಿಂತು, ಮುಂದೆ ನೋಡಿತು, ಹಿಂದೆ ನೋಡಿತು, ಗಾಜಿಗೆ ಎರಡೂ ಅಂಗೈ ಒತ್ತಿ ಹೊರಗೆ ನೋಡಿತು.

"ಅವ್ವ ಎಲ್ಲಿ ಅಕ್ಕಾ? ಅವ್ವ ಬಂತಾ?"

ನಾನು ಸುನಂದಾಳ ಮುಖ ನೋಡಲಿಲ್ಲ. ಜೀಪು ಹೋಗುತ್ತಲೇ ಇತ್ತು. ಕೂಸು ಧೂಳು ಹಿಡಿದ ಗಾಜನ್ನು ಬಡಿಯುತ್ತ ಮತ್ತೆ ಮತ್ತೆ ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಸುನಂದಾ ಒಂದು ಕೈಯಿಂದ ಅದರ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಹಿಡಿಕೆ ತಿರುಗಿಸಿ ಗಾಜು ಇಳಿಸಿದಳು, ಹೊರಗೆ ನೋಡಲಿ ಎಂದು. ಕೆಂಪು ಧೂಳು ಒಳಗೆ ನುಗ್ಗಿತು.